ಕಲ್ಲು ತೆಗೆದರು, ಸ್ಟೆಂಟ್ ಇಟ್ಟರು, ಆಮೇಲೆ?

ಪ್ರಶ್ನೆ:

ನಮ್ಮ ಅಪ್ಪಯ್ಯನಿಗೆ 79 ವರ್ಷ. ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಬಿಪಿ ಇದೆ. 4 ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಎರಡು ತಿಂಗಳ ಹಿಂದೆ ಕಣ್ಣು, ಮೂತ್ರ ಎಲ್ಲ ಹಳದಿಯಾಯಿತು. ಕಾಮಾಲೆ ಅಂತ ಮೊದಲು ನಾಟಿ ಔಷಧಿ ಕೊಡಿಸಿದೆವು. ಹತ್ತು ದಿನ ಉಪ್ಪಿಲ್ಲದ ಪಥ್ಯ. ಕಡಿಮೆಯಾಗಲಿಲ್ಲ. ಆಮೇಲೆ ಎಂಆರ್‌ಸಿಪಿ ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳದಲ್ಲಿ ಎರಡು ಕಲ್ಲು, ಪಿತ್ತಕೋಶದಲ್ಲೂ ಕಲ್ಲು ಅಂದರು. ಬಾಯಿಂದ ಎಂಡೋಸ್ಕೋಪ್ ಇಳಿಸಿ ಕಲ್ಲು ತೆಗೆಯುವ ಇಆರ್‌ಸಿಪಿ ಮಾಡಿದರು. ಚಿಕ್ಕ ಕಲ್ಲು ಬಂತು, 17 ಮಿ.ಮೀ. ಇದ್ದ ದೊಡ್ಡದು ಬರಲಿಲ್ಲ, ಪಿತ್ತ ಹರಿದು ಹೋಗಲು ನಾಳದಲ್ಲಿ ಸ್ಟೆಂಟ್ ಇಟ್ಟಿದ್ದೇವೆ ಅಂದರು. ಅವತ್ತು ರಾತ್ರಿಯೇ ಹೊಟ್ಟೆನೋವು ಶುರುವಾಯಿತು. ಮೇದೋಜೀರಕ ಗ್ರಂಥಿ ಊದಿದೆ ಅಂತ ಆರು ದಿನ ಇಟ್ಟುಕೊಂಡರು. ಎರಡನೇ ರಾತ್ರಿ ಅಪ್ಪಯ್ಯನಿಗೆ ನಮ್ಮ ಗುರುತೇ ಸಿಗಲಿಲ್ಲ. ಡ್ರಿಪ್ ಕಿತ್ತು ಹಾಕಿ, ತೋಟಕ್ಕೆ ಹೋಗಬೇಕು ಅಂತ ಎದ್ದು ನಿಂತರು.

ಈಗ ಏಳು ವಾರವಾಗಿದೆ. ಕಣ್ಣಿನ ಹಳದಿ ಹೋಗಲು ನಾಲ್ಕು ವಾರ ಹಿಡಿಯಿತು. ಮೊನ್ನೆ ಸ್ಕ್ಯಾನಿಂಗ್‌ನಲ್ಲಿ 'ಪಿತ್ತನಾಳದಲ್ಲಿ ಗಾಳಿ' ಅಂತ ಬರೆದಿದ್ದಾರೆ. ಒಳಗೆ ಎಲ್ಲಾದರೂ ತೂತಾಗಿದೆಯಾ? ಆ ಡಾಕ್ಟರು ಮಾಡಿದ್ದು ತಪ್ಪಾಯಿತು ಅಂತ ನೆಂಟರು ಹೇಳುತ್ತಿದ್ದಾರೆ. ನಿಜವಾ? ಸ್ಟೆಂಟ್ ಹಾಗೇ ಇದ್ದರೆ ತುಕ್ಕು ಹಿಡಿಯುತ್ತದಾ? ಉಳಿದ ಕಲ್ಲಿಗೆ ಮತ್ತೆ ಇಆರ್‌ಸಿಪಿ ಅಂದರೆ ಅಪ್ಪಯ್ಯ ಬಿಲ್‌ಕುಲ್ ಒಪ್ಪುತ್ತಿಲ್ಲ. ಮಾತ್ರೆಯಲ್ಲಿ ಕರಗುವುದಿಲ್ಲವಾ? ಪಿತ್ತಕೋಶವನ್ನೂ ತೆಗೆಸಿ ಅಂದಿದ್ದಾರೆ. ಈ ವಯಸ್ಸಿಗೆ ಬೇಕಾ? ಹೋದ ವಾರ ಎರಡು ಸಲ ಸಂಜೆ ಹೊತ್ತು ಚಳಿ ಬಂದು ನಡುಗಿದರು. ಜ್ವರದ ಮಾತ್ರೆ ಕೊಟ್ಟೆವು, ಹೋಯಿತು. ರಕ್ತ ಹೆಪ್ಪುಗಟ್ಟದಂತೆ ಹೃದಯಕ್ಕೆ ಕೊಟ್ಟಿದ್ದ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಇಆರ್‌ಸಿಪಿಗೆ ಐದು ದಿನ ಮುಂಚೆ ನಿಲ್ಲಿಸಿದ್ದೆವು, ಮತ್ತೆ ಶುರು ಮಾಡುವುದನ್ನು ಕೇಳಲು ಮರೆತೆವು. ಇನ್ನೊಂದು, ತುಪ್ಪ ಯಾವಾಗ ಹಾಕಿಕೊಳ್ಳಬಹುದು ಅಂತ ಅಪ್ಪಯ್ಯ ದಿನಾ ಕೇಳುತ್ತಾರೆ.

ಉತ್ತರ:

ನೀವು ಕೇಳಿದ ಪ್ರಶ್ನೆಗಳಿಗಿಂತ, ಪ್ರಶ್ನೆ ಅಂತ ಕೇಳದೆ ಸುಮ್ನೆ ಹೇಳಿ ಮುಂದೆ ಹೋದ ಎರಡು ಮಾತು ನನಗೆ ಜಾಸ್ತಿ ಚಿಂತೆ ತಂದವು. ಒಂದು, ಸಂಜೆ ಬಂದ ನಡುಕ. ಇನ್ನೊಂದು, ನಿಂತೇ ಹೋದ ಹೃದಯದ ಮಾತ್ರೆ. ಪತ್ರ ಸಿಕ್ಕ ದಿನವೇ ನಿಮಗೆ ಮೆಸೇಜ್ ಮಾಡಿಸಿದ್ದೇನೆ. ಇದೇ ಪರಿಸ್ಥಿತಿಯಲ್ಲಿರುವ ಬೇರೆ ಮನೆಯವರೂ ಇದನ್ನು ಓದುತ್ತಾರೆ, ಹಾಗಾಗಿ ಇಲ್ಲೂ ಅದರಿಂದಲೇ ಶುರು ಮಾಡುತ್ತೇನೆ.

ಪಿತ್ತನಾಳದಲ್ಲಿ ಸ್ಟೆಂಟ್ ಇರುವವರಿಗೆ ಗಡಗಡ ನಡುಕ ಬಂದರೆ ಅದು ಬೇರೆ ಜ್ವರಗಳ ಹಾಗಲ್ಲ. ಸ್ಟೆಂಟ್ ಕಟ್ಟಿಕೊಂಡರೆ ಪಿತ್ತರಸ ನಿಂತುಬಿಡುತ್ತದೆ. ನಿಂತ ಪಿತ್ತರಸದಲ್ಲಿ ಕರುಳಿನ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಾಳದೊಳಗೆ ಒತ್ತಡ ಏರಿದಾಗ ಅವು ಲಿವರ್ ಮೂಲಕ ರಕ್ತಕ್ಕೆ ನುಗ್ಗುತ್ತವೆ. ನಡುಕ ಬರುವುದು ಆ ಹೊತ್ತಿಗೆ. ನಡುಕ ನಿಂತಿತು, ಮಾತ್ರೆಗೆ ಜ್ವರ ಇಳಿಯಿತು ಅಂತ ನೀವು ಸಮಾಧಾನ ಮಾಡಿಕೊಂಡಿದ್ದೀರಿ. ಜ್ವರ ಇಳಿದಿದೆ, ಕಟ್ಟು ಬಿಟ್ಟಿಲ್ಲ.

ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ಬಸಿಗಾಲುವೆ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿದೆ ಅಂದುಕೊಳ್ಳಿ. ಮೇಲಿಂದ ಎಷ್ಟು ಔಷಧಿ ಹೊಡೆದರೂ ಬೇರು ಕೊಳೆಯುವುದು ನಿಲ್ಲುವುದಿಲ್ಲ. ಮೊದಲು ಕಾಲುವೆ ಬಿಡಿಸಬೇಕು. ಇಲ್ಲೂ ಆ್ಯಂಟಿಬಯಾಟಿಕ್ ಬೇಕು, ಆದರೆ ಅದೊಂದೇ ಸಾಲದು. ಅದಕ್ಕೇ ಮೆಡಿಕಲ್ ಶಾಪ್‌ನಿಂದ ಐದು ದಿನದ ಮಾತ್ರೆ ತಂದು ನುಂಗಿಸಬೇಡಿ ಅನ್ನುವುದು. ಸ್ವಲ್ಪ ಸುಮ್ಮನಾಗುತ್ತದೆ, ಆಮೇಲೆ ಒಂದು ರಾತ್ರಿ ಬಿಪಿ ಬಿದ್ದುಹೋಗುತ್ತದೆ.

ಫ್ರಾನ್ಸಿನ ವೈದ್ಯ ಶಾರ್ಕೊ 1877ರಲ್ಲೇ ಪಿತ್ತನಾಳದ ಸೋಂಕಿಗೆ ಮೂರು ಗುರುತು ಹೇಳಿದ್ದ: ಜ್ವರ-ನಡುಕ, ಕಾಮಾಲೆ, ಬಲ ಪಕ್ಕೆಯ ಕೆಳಗೆ ನೋವು. ನಾವು ವಿದ್ಯಾರ್ಥಿಗಳಾಗಿದ್ದಾಗ ಬಾಯಿಪಾಠ ಮಾಡಿದ್ದೆವು. ವಯಸ್ಸಾದವರು ಆ ಪಾಠ ಓದಿಕೊಂಡು ಬರುವುದಿಲ್ಲ ಅನ್ನುವುದು ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಎಂಬತ್ತರ ಹತ್ತಿರದವರಿಗೆ ಮೂರೂ ಒಟ್ಟಿಗೆ ಕಾಣುವುದು ಕಡಿಮೆ. ಥರ್ಮಾಮೀಟರ್ 99 ತೋರಿಸಬಹುದು. ನೋವೇ ಇರದಿರಬಹುದು. ಬೆಳಿಗ್ಗೆಯಿಂದ ಕಾಫಿ ಬೇಡ ಅಂದರು, ಮಂಕಾಗಿ ಮಲಗಿದ್ದಾರೆ, ಮಾತು ಸ್ವಲ್ಪ ತಪ್ಪುತ್ತಿದೆ, ಕೈಕಾಲು ತಣ್ಣಗಿದೆ. ಇಷ್ಟೇ ಇರಬಹುದು. ಎಲ್ಲ ಗುರುತೂ ಬರಲಿ ಅಂತ ಕಾಯಬಾರದು. ಎರಡು ಸಲ ನಡುಕ ಬಂದಿದೆ ಅಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಇವತ್ತೇ ಹೋಗಬೇಕು. ಅಲ್ಲಿ ರಕ್ತ ಪರೀಕ್ಷೆ, ಹಳದಿಯ ಪ್ರಮಾಣ ತೋರಿಸುವ ಬಿಲಿರುಬಿನ್, ಕಿಡ್ನಿಯ ಕ್ರಿಯಾಟಿನಿನ್, ಆ್ಯಂಟಿಬಯಾಟಿಕ್ ಕೊಡುವ ಮೊದಲೇ ಯಾವ ಬ್ಯಾಕ್ಟೀರಿಯಾ ಅಂತ ನೋಡುವ ರಕ್ತದ ಕಲ್ಚರ್, ಆಮೇಲೆ ರಕ್ತನಾಳಕ್ಕೆ ಹಾಕುವ ಆ್ಯಂಟಿಬಯಾಟಿಕ್, ಅದಾದ ಮೇಲೆ ಸ್ಟೆಂಟ್ ಬದಲಾವಣೆ. ಬಹುಶಃ ಇದೇ ಕ್ರಮದಲ್ಲಿ ನಡೆಯುತ್ತದೆ.

ಕ್ಲೊಪಿಡೊಗ್ರೆಲ್ ವಿಷಯ. ಇಆರ್‌ಸಿಪಿಯಲ್ಲಿ ಪಿತ್ತನಾಳದ ಬಾಯಿಯನ್ನು ಸ್ವಲ್ಪ ಕೊಯ್ಯುವುದಿದ್ದರೆ ಆ ಮಾತ್ರೆಯನ್ನು 5ರಿಂದ 7 ದಿನ ಮುಂಚೆ ನಿಲ್ಲಿಸುವುದು ರೂಢಿ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮತ್ತೆ ಶುರು ಮಾಡುತ್ತೇವೆ. ನಿಮ್ಮಲ್ಲಿ ಏಳು ವಾರ ಕಳೆದಿದೆ. ಇದು ನಿಮ್ಮ ಮರೆವು ಅಂತ ನಾನು ಹೇಳುವುದಿಲ್ಲ. ನಿಲ್ಲಿಸಿ ಅಂದವರೇ ಯಾವತ್ತು ಶುರು ಮಾಡಬೇಕು ಅಂತ ದಿನಾಂಕ ಬರೆದು ಕೊಡಬೇಕಿತ್ತು. ಹಾಗಂತ ನೀವೇ ಇವತ್ತು ರಾತ್ರಿ ಮಾತ್ರೆ ಕೊಡಲು ಹೋಗಬೇಡಿ. ಮತ್ತೆ ಎಂಡೋಸ್ಕೋಪಿ ಹತ್ತಿರದಲ್ಲೇ ಇದೆ. ಹೃದಯದ ಡಾಕ್ಟರಿಗೂ ಹೊಟ್ಟೆಯ ಡಾಕ್ಟರಿಗೂ ಒಂದೇ ದಿನ ಕೇಳಿ, ಇಬ್ಬರ ಮಾತೂ ಒಂದೇ ಚೀಟಿಯಲ್ಲಿ ಇರಲಿ. ಹೊಸದಾಗಿ ಕೊಯ್ಯದೆ ಬರೀ ಸ್ಟೆಂಟ್ ಬದಲಾಯಿಸುವುದಾದರೆ ಈ ಮಾತ್ರೆ ನಿಲ್ಲಿಸಬೇಕಾದ ಅಗತ್ಯವೇ ಬರುವುದಿಲ್ಲ. ದೊಡ್ಡ ಬಲೂನಿನಿಂದ ಬಾಯಿ ಹಿಗ್ಗಿಸುವುದಾದರೆ ಲೆಕ್ಕ ಬೇರೆ. ಆಸ್ಪಿರಿನ್ ಕೊಡುತ್ತಿದ್ದರೆ ಅದನ್ನು ಮಾತ್ರ ಯಾರೋ ಹೇಳಿದರು ಅಂತ ನಿಲ್ಲಿಸಬೇಡಿ.

ಈಗ ಸ್ಟೆಂಟ್. ನನ್ನ ಪ್ರಕಾರ ಅರ್ಧ ತೊಂದರೆಗೆ ಕಾರಣ ಈ ಹೆಸರು. ನಿಮ್ಮ ತಂದೆಯ ಮೈಯಲ್ಲಿ ಎರಡು ಸ್ಟೆಂಟ್ ಇವೆ. ಹೃದಯದ್ದು ಲೋಹದ ಜಾಳಿಗೆ, ಅದು ಜೀವಮಾನ ಪೂರ್ತಿ ಅಲ್ಲೇ ಇರಬೇಕಾದ್ದು. ಪಿತ್ತನಾಳದ್ದು, ಕಲ್ಲಿಗಾಗಿ ಇಟ್ಟಿದ್ದು ಅಂದರೆ, ಸಾಮಾನ್ಯವಾಗಿ ಪ್ಲಾಸ್ಟಿಕ್ ಕೊಳವೆ. ಬಾಲ್‌ಪೆನ್ ರೀಫಿಲ್‌ನಷ್ಟು ದಪ್ಪ, ಕೈಬೆರಳಿನಷ್ಟು ಉದ್ದ. ಪ್ಲಾಸ್ಟಿಕ್ ಆದ್ದರಿಂದ ತುಕ್ಕಿನ ಮಾತಿಲ್ಲ. ಆದರೆ ಅದು ತಾತ್ಕಾಲಿಕ. ಸುಮಾರು 3 ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಾಯಿಸಬೇಕು. ಕೆಲವರಿಗೆ ಅದಕ್ಕೂ ಮುಂಚೆಯೇ ಕಟ್ಟಿಕೊಳ್ಳುತ್ತದೆ. ಹೆಸರು ಒಂದೇ ಆದ್ದರಿಂದ ಜನ ಎರಡನ್ನೂ ಒಂದೇ ಥರ ಅಂದುಕೊಳ್ಳುತ್ತಾರೆ.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿಯನ್ನು ಕರೆತಂದರು. ಜ್ವರ, ಕಾಮಾಲೆ, ಅರೆಪ್ರಜ್ಞೆ. ಬೇರೆ ಕಡೆ ಇಟ್ಟ ಸ್ಟೆಂಟ್ ಮೂರು ವರ್ಷದಿಂದ ಒಳಗೇ ಇತ್ತು. ಎಂಡೋಸ್ಕೋಪ್ ಇಳಿಸಿ ತುದಿ ಹಿಡಿದು ಎಳೆದೆ. ಅರ್ಧ ಬಂತು, ಅರ್ಧ ತುಂಡಾಗಿ ಒಳಗೇ ಉಳಿಯಿತು. ಸ್ಟೀಲ್ ಟ್ರೇನಲ್ಲಿ ಇಟ್ಟು ನೋಡಿದರೆ ಕೊಳವೆಯ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ತೂತಿನ ತುಂಬ ಹಸಿರು ಮಿಶ್ರಿತ ಕಂದು ಕೆಸರು. ಹೊರಗಡೆ ಕಲ್ಲು ಬೆಳೆದಿತ್ತು, ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುತ್ತದಲ್ಲ, ಹಾಗೆ. ಉಳಿದಿದ್ದನ್ನು ತೆಗೆಯಲು ಇನ್ನೆರಡು ಸಲ ಹೋಗಬೇಕಾಯಿತು. ಅಜ್ಜಿ ಬದುಕಿದರು. ಅವರ ಮಗ ಹೇಳಿದ ಮಾತು ಇವತ್ತಿಗೂ ನೆನಪಿದೆ: "ನಮ್ಮ ಮಾವನಿಗೆ ಹಾರ್ಟಿಗೆ ಹಾಕಿದ್ದು ಹಾಗೇ ಇದೆಯಲ್ಲ ಡಾಕ್ಟ್ರೇ, ಇದೂ ಹಾಗೇ ಅಂದುಕೊಂಡೆವು." ಹಳೇ ಡಿಸ್‌ಚಾರ್ಜ್ ಕಾಗದ ತೆಗೆಸಿ ನೋಡಿದೆ. ಎರಡನೇ ಪುಟದ ಕೊನೆಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಅವರ ಮನೆಯಲ್ಲಿ ಇಂಗ್ಲಿಷ್ ಓದುವವರು ಯಾರೂ ಇರಲಿಲ್ಲ. ಅವತ್ತಿನಿಂದ ನಾನು ಡಿಸ್‌ಚಾರ್ಜ್ ದಿನ ಮನೆಯವರ ಫೋನ್ ತೆಗೆಸಿ, ಸ್ಟೆಂಟ್ ತೆಗೆಯುವ ದಿನಾಂಕಕ್ಕೆ ಅಲ್ಲೇ ಅಲಾರಂ ಹಾಕಿಸುತ್ತೇನೆ. ಸ್ವಲ್ಪ ಅತಿ ಅನ್ನಿಸಬಹುದು, ಪರವಾಗಿಲ್ಲ.

ನಿಮಗೆ ಏಳು ವಾರ ಆಗಿದೆ. ಮೂರು ತಿಂಗಳ ಗಡುವು ಇನ್ನೂ ಮುಗಿದಿಲ್ಲ. ಆದರೆ ನಡುಕ ಬಂದ ಮೇಲೆ ಆ ಗಡುವಿನ ಲೆಕ್ಕ ಹಿಡಿದು ಕೂರುವ ಹಾಗಿಲ್ಲ.

ಡಾಕ್ಟರು ತಪ್ಪು ಮಾಡಿದರಾ ಅಂತ ಕೇಳಿದ್ದೀರಿ. ನೀವು ಬರೆದಿದ್ದನ್ನು ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಕಾರಣ ಹೇಳುತ್ತೇನೆ. ಸಣ್ಣ ಕರುಳಿನ ಗೋಡೆಯಲ್ಲಿ ಕಡಲೆಕಾಳಿನಷ್ಟು ಒಂದು ಉಬ್ಬು ಇರುತ್ತದೆ. ಪಿತ್ತನಾಳವೂ ಮೇದೋಜೀರಕದ ನಾಳವೂ ಅಲ್ಲೇ ಬಂದು ಸೇರುತ್ತವೆ. ಹೆಚ್ಚಿನವರಿಗೆ ಎರಡಕ್ಕೂ ಬಾಯಿ ಒಂದೇ. ಬಾಯಿಂದ ಇಳಿಸಿದ ಎಂಡೋಸ್ಕೋಪ್‌ನ ತುದಿಯಿಂದ ಒಂದು ತೆಳು ತಂತಿಯನ್ನು ಆ ಉಬ್ಬಿನೊಳಗೆ ತೂರಿಸಿ ಪಿತ್ತನಾಳವನ್ನೇ ಹುಡುಕಬೇಕು. ತಂತಿ ಕೆಲವೊಮ್ಮೆ ಪಕ್ಕದ ನಾಳಕ್ಕೆ ಹೋಗುತ್ತದೆ. ಹೋಗದಿದ್ದರೂ, ಕೆಲಸ ನಡೆದ ಜಾಗ ಊದಿಕೊಂಡು ಆ ನಾಳದ ದಾರಿ ಇಕ್ಕಟ್ಟಾಗುತ್ತದೆ. ಆಗ ಗ್ರಂಥಿ ಊದುತ್ತದೆ. ವಯಸ್ಸಾದವರಿಗೆ ಈ ಉಬ್ಬಿನ ಪಕ್ಕದಲ್ಲೇ ಕರುಳಿನ ಗೋಡೆ ಚೀಲದ ಹಾಗೆ ಒಳಕ್ಕೆ ಸರಿದಿರುವುದೂ ಉಂಟು, ಅಂಥ ಕಡೆ ಬಾಯಿ ಹುಡುಕುವುದೇ ಒಂದು ಸಾಹಸ.

ಎಷ್ಟೇ ಪಳಗಿದ ಕೈ ಆದರೂ 100 ಜನರಲ್ಲಿ ಸುಮಾರು 3ರಿಂದ 10 ಜನರಿಗೆ ಈ ಊತ ಬರುತ್ತದೆ. ಅದರಲ್ಲಿ ಹೆಚ್ಚಿನವರು ಕೆಲವೇ ದಿನದಲ್ಲಿ ಸುಧಾರಿಸುತ್ತಾರೆ, ನಿಮ್ಮ ತಂದೆಯ ಹಾಗೆ. ಕೆಲವರಿಗೆ ತೀವ್ರವಾಗಿ ಐಸಿಯು ಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ವಿಚಿತ್ರ ಅಂದರೆ ಈ ಒಂದು ತೊಂದರೆ ವಯಸ್ಸಾದವರಿಗಿಂತ ಚಿಕ್ಕವರಿಗೇ ಜಾಸ್ತಿ. ವಯಸ್ಸಾದವರಲ್ಲಿ ನಾವು ಹೆದರುವುದು ರಕ್ತಸ್ರಾವಕ್ಕೆ, ಸೋಂಕಿಗೆ, ಶ್ವಾಸಕೋಶಕ್ಕೆ, ಹೃದಯಕ್ಕೆ. ಮುಂದಿನ ಸಲ ಹೋದಾಗ ಊತ ತಡೆಯಲು ಗುದದ್ವಾರದಲ್ಲಿ ಇಡುವ ಇಂಡೊಮೆಥಾಸಿನ್ ಅಥವಾ ಡೈಕ್ಲೊಫೆನಾಕ್ ಮಾತ್ರೆ ಕೊಡುತ್ತೀರಾ, ಕಿಡ್ನಿ ಅದಕ್ಕೆ ಸರಿ ಇದೆಯಾ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಬೇಡ. ಸಮಾಧಾನದ ಸಂಗತಿ ಏನೆಂದರೆ ಮೊದಲ ಸಲ ಬಾಯಿ ಕೊಯ್ದಾಗಿದ್ದರೆ ಎರಡನೇ ಸಲ ತಂತಿ ತೂರಿಸುವುದು ಸುಲಭ, ಊತದ ಅಪಾಯವೂ ಕಡಿಮೆ. ಇದನ್ನು ನಿಮ್ಮ ತಂದೆಗೂ ಹೇಳಿ. ಅವರ ಹೆದರಿಕೆ ಹೋದ ಸಲದ ನೋವಿನದು, ಅಲ್ವಾ?

ಹಾಗಾದರೆ ಯಾವುದನ್ನು ಪ್ರಶ್ನಿಸಬಹುದು? ತೊಂದರೆ ಬಂದಿದ್ದನ್ನಲ್ಲ. ಬಂದ ಮೇಲೆ ಬೇಗ ಗುರುತಿಸಿದರಾ, ಮೊದಲೇ ನಿಮಗೆ ಹೇಳಿದ್ದರಾ, ಮನೆಗೆ ಕಳಿಸುವಾಗ ಮುಂದೇನು ಅಂತ ತಿಳಿಸಿದರಾ. ಮೊದಲ ಎರಡು ನಡೆದಿರಬಹುದು. ಮೂರನೆಯದು ಸರಿಯಾಗಿ ನಡೆದಿಲ್ಲ.

ಪಿತ್ತನಾಳದಲ್ಲಿ ಗಾಳಿ ಅಂದರೆ ತೂತು ಅಲ್ಲ. ಪಿತ್ತನಾಳದ ಬಾಯಿಗೆ ಒಂದು ಸ್ನಾಯುವಿನ ಬಿಗಿ ಇರುತ್ತದೆ, ಕರುಳಿನ ಗಾಳಿ ಮೇಲೆ ಹೋಗದ ಹಾಗೆ. ಅದನ್ನು ಕೊಯ್ದು ಸ್ಟೆಂಟ್ ಇಟ್ಟ ಮೇಲೆ ಗಾಳಿ ಓಡಾಡುವುದು ಸಹಜ. ಸ್ಕ್ಯಾನಿಂಗ್ ಮಾಡಿದವರು ಕಂಡಿದ್ದನ್ನು ಬರೆದಿದ್ದಾರೆ ಅಷ್ಟೇ. ಕರುಳಿಗೆ ತೂತಾಗುವುದು 100ರಲ್ಲಿ ಒಬ್ಬರಿಗೂ ಕಡಿಮೆ. ಆದರೂ ಅದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮೈಮೇಲೆ ಬರುತ್ತದೆ. ಏಳು ವಾರ ಆದಮೇಲೆ ಊಟ ಮಾಡಿಕೊಂಡು ಓಡಾಡುವವರಲ್ಲಿ ಹೀಗೆ ಸಿಗುವುದಿಲ್ಲ. ಹಾಗಂತ ಗಾಳಿ ಇದೆ, ದಾರಿ ತೆರೆದಿದೆ ಅಂತ ನಡುಕವನ್ನು ತಳ್ಳಿಹಾಕಬೇಡಿ. ಗಾಳಿಯೂ ಇದ್ದು ಸ್ಟೆಂಟೂ ಕಟ್ಟಿರಬಹುದು.

ಕಣ್ಣಿನ ಹಳದಿ ನಾಲ್ಕು ವಾರ ಹಿಡಿದದ್ದಕ್ಕೂ ಹೆದರಬೇಕಿಲ್ಲ. ತುಂಬ ದಿನ ನಾಳ ಕಟ್ಟಿಕೊಂಡಿದ್ದರೆ ಬಿಲಿರುಬಿನ್‌ನ ಒಂದು ಭಾಗ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಪ್ರೋಟೀನ್ ಸವೆಯಲು ವಾರಗಳೇ ಬೇಕು, ಅದರ ಜತೆಗೇ ಹಳದಿಯೂ ನಿಧಾನಕ್ಕೆ ಹೋಗುತ್ತದೆ. ಹಾಗಾಗಿ ಮೂತ್ರ ಮೊದಲು ತಿಳಿಯಾಗುತ್ತದೆ, ಕಣ್ಣು ಕೊನೆಗೆ. ನೋಡಬೇಕಾದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ. ತಿಳಿಯಾಗಿದ್ದ ಮೂತ್ರ ಮತ್ತೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಲ ಬೂದಿ ಬಣ್ಣಕ್ಕೆ ಬಂದರೆ, ಮೈ ತುರಿಸಿದರೆ ಕಟ್ಟಿದೆ ಅಂತಲೇ ತಿಳಿಯಿರಿ.

ಆ ಎರಡನೇ ರಾತ್ರಿಯ ಬಗ್ಗೆಯೂ ಹೇಳಬೇಕು. ಮನೆಯವರಿಗೆ ಮರೆಯಲಾಗದ್ದು ಅದೇ. ಹೆಸರು ಹಿಡಿದು ಕರೆಯುತ್ತಿದ್ದ ಅಪ್ಪ ಮಗಳನ್ನೇ 'ನೀನ್ಯಾರು' ಅಂದರೆ ಎದೆ ಒಡೆಯುತ್ತದೆ. ಹಳ್ಳಿಯಲ್ಲಿ ಇದಕ್ಕೆ ಸನ್ನಿ ಅನ್ನುತ್ತಿದ್ದರು. ವಯಸ್ಸಾದ ಮೆದುಳಿಗೆ ಸೋಂಕು, ನೋವು, ನಿದ್ದೆ ಬರಿಸುವ ಔಷಧಿ, ಹೊಸ ಜಾಗ ಇವೆಲ್ಲ ಒಟ್ಟಿಗೆ ಬಿದ್ದಾಗ ಹೀಗಾಗುತ್ತದೆ. ಹುಚ್ಚಲ್ಲ, ಅರಳುಮರಳು ಶುರುವಾಯಿತು ಅಂತಲೂ ಅಲ್ಲ. ಹೆಚ್ಚಿನವರಿಗೆ ದಿನಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ವಾರಗಳು ಬೇಕು. ನಿಮ್ಮಲ್ಲಿ ಇನ್ನೊಂದು ಕಾರಣ ಸೇರಿರಬಹುದು ಅಂತ ನನ್ನ ಅನುಮಾನ: ಹತ್ತು ದಿನದ ಉಪ್ಪಿಲ್ಲದ ಪಥ್ಯ. ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚು ಮಾಡಿಸುವಂಥದ್ದು ಇದ್ದು, ಮೇಲಿಂದ ಉಪ್ಪೂ ಬಿಟ್ಟರೆ ರಕ್ತದಲ್ಲಿ ಸೋಡಿಯಂ ಇಳಿದು ವಯಸ್ಸಾದವರು ಗೊಂದಲಕ್ಕೆ ಬೀಳುತ್ತಾರೆ. ಅವತ್ತಿನ ಸೋಡಿಯಂ ಎಷ್ಟಿತ್ತು ಅಂತ ಹಳೇ ರಿಪೋರ್ಟ್‌ನಲ್ಲಿ ನೋಡಿ.

ಈ ಸಲ ಆಸ್ಪತ್ರೆಗೆ ಹೋಗುವಾಗ ಅವರ ಕನ್ನಡಕ, ಕಿವಿಯ ಯಂತ್ರ ಇದ್ದರೆ ಅದು, ಹಲ್ಲಿನ ಸೆಟ್ ತೆಗೆದುಕೊಂಡು ಹೋಗಿ. ಕಾರ್ಯವಿಧಾನದ ಹೊತ್ತಿಗೆ ಬಿಚ್ಚಿಟ್ಟಿದ್ದನ್ನು ವಾರ್ಡಿಗೆ ಬಂದ ಕೂಡಲೇ ಹಾಕಿಸಿ. ರಾತ್ರಿ ಜತೆಗೆ ಮನೆಯವರೇ ಇರಿ, ಅವರಿಗೆ ಗುರುತಿರುವ ದನಿ ಕೇಳಿಸುತ್ತಿರಲಿ. ಮೂತ್ರ ಕಟ್ಟಿದೆಯಾ, ಮಲಬದ್ಧತೆ ಇದೆಯಾ ನೋಡಲು ಹೇಳಿ. ಹೋದ ಸಲ ಹೀಗಾಗಿತ್ತು ಅಂತ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ. ಔಷಧಿಯ ಆಯ್ಕೆ, ಪ್ರಮಾಣ ಎರಡನ್ನೂ ಅವರು ಅದಕ್ಕೆ ತಕ್ಕಂತೆ ಬದಲಾಯಿಸುತ್ತಾರೆ.

ಉಳಿದ ಕಲ್ಲು. ಮಾತ್ರೆಯಲ್ಲಿ ಕರಗುವುದಿಲ್ಲ. ಯೂರ್ಸೊಡಿಆಕ್ಸಿಕೋಲಿಕ್ ಮಾತ್ರೆ ಕರಗಿಸುವುದು ಪಿತ್ತಕೋಶದೊಳಗಿನ ಸಣ್ಣ ಕೊಲೆಸ್ಟ್ರಾಲ್ ಕಲ್ಲನ್ನು, ಅದೂ ಎಲ್ಲರಿಗೂ ಅಲ್ಲ, ತಿಂಗಳುಗಟ್ಟಲೆ ನುಂಗಿದ ಮೇಲೆ. ಪಿತ್ತನಾಳದಲ್ಲಿ ಕೂತ 17 ಮಿ.ಮೀ. ಕಲ್ಲಿಗೆ ಅದು ಲೆಕ್ಕಕ್ಕಿಲ್ಲ. ಬಾಳೆದಿಂಡಿನ ರಸ ಕಿಡ್ನಿ ಕಲ್ಲಿಗೆ ಅಂತ ಹೇಳುವುದನ್ನು ಇಲ್ಲಿಗೂ ತರುತ್ತಾರೆ. ಪಿತ್ತದ ಕಲ್ಲಿನ ಹುಟ್ಟೇ ಬೇರೆ, ಕೂತಿರುವ ಜಾಗವೂ ಬೇರೆ.

15 ಮಿ.ಮೀ. ದಾಟಿದ ಕಲ್ಲನ್ನು ನಾವು ಕಷ್ಟದ ಕಲ್ಲು ಅಂತಲೇ ಕರೆಯುತ್ತೇವೆ. ಬಾಗಿಲಿಗಿಂತ ಮಂಚ ದೊಡ್ಡದಿದ್ದ ಹಾಗೆ. ಮೊದಲ ದಿನ ಜಗ್ಗಾಡದೆ ಸ್ಟೆಂಟ್ ಇಟ್ಟು ನಿಲ್ಲಿಸಿದ್ದು ಬುದ್ಧಿವಂತಿಕೆಯ ಕೆಲಸ. ಸ್ಟೆಂಟ್ ಕೆಲವು ವಾರ ಕಲ್ಲಿಗೆ ಉಜ್ಜುತ್ತಾ ಇದ್ದರೆ ಕಲ್ಲು ಸವೆದು ಚಿಕ್ಕದಾಗುವುದು, ಪುಡಿಯಾಗುವುದು ಎಷ್ಟೋ ಜನರಲ್ಲಿ ಆಗುತ್ತದೆ. ಎರಡನೇ ಸಲ ಹೋದಾಗ ದಾರಿ ಸಲೀಸಾಗುವುದು ಅದಕ್ಕೇ. ಆಗ ದೊಡ್ಡ ಬಲೂನಿನಿಂದ ಬಾಯಿ ಹಿಗ್ಗಿಸಿ ಕಲ್ಲು ಎಳೆಯಬಹುದು. ಬರದಿದ್ದರೆ ತಂತಿಯ ಬುಟ್ಟಿಯಲ್ಲಿ ಹಿಡಿದು ಒಳಗೇ ಒಡೆಯಬಹುದು. ಅದಕ್ಕೂ ಬಗ್ಗದಿದ್ದರೆ ಪಿತ್ತನಾಳದೊಳಗೇ ಸಣ್ಣ ಕ್ಯಾಮೆರಾ ತೂರಿಸಿ ಲೇಸರ್‌ನಿಂದ ಪುಡಿ ಮಾಡುವ ವ್ಯವಸ್ಥೆ ದೊಡ್ಡ ಊರುಗಳಲ್ಲಿ ಕೆಲವು ಕಡೆ ಇದೆ, ದುಬಾರಿ. ನಿಮ್ಮ ಆಸ್ಪತ್ರೆಯಲ್ಲಿ ಇವುಗಳಲ್ಲಿ ಯಾವುದಿದೆ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಸೋಂಕು ಹತೋಟಿಗೆ ಬಂದ ಮೇಲೆ ಇರುವ ಕಡೆಗೇ ಹೋಗುವುದು ಒಳ್ಳೆಯದು, ಎರಡೆರಡು ಸಲ ಮಲಗಿಸುವುದು ತಪ್ಪುತ್ತದೆ.

ಆದರೆ ಸೋಂಕು ಇರುವ ದಿನವೇ ಕಲ್ಲು ಪೂರ್ತಿ ತೆಗೆಯಲೇಬೇಕು ಅಂತ ಹಟ ಹಿಡಿಯಬೇಡಿ. ಜ್ವರದಲ್ಲಿರುವ ಹಿರಿಯರಿಗೆ ಅವತ್ತು ಹೊಸ ಸ್ಟೆಂಟ್ ಇಟ್ಟು ಹತ್ತು ನಿಮಿಷದಲ್ಲಿ ಹೊರಗೆ ಬರುವುದು, ಕಲ್ಲಿಗೆ ಇನ್ನೊಂದು ದಿನ ಕೈಹಾಕುವುದು ಎಷ್ಟೋ ಸಲ ಸರಿಯಾದ ದಾರಿ. ಎಂಡೋಸ್ಕೋಪ್‌ನಿಂದ ಆಗದೇ ಹೋದರೆ ಪಕ್ಕೆಯ ಚರ್ಮದ ಮೂಲಕ ಲಿವರ್‌ಗೆ ಕೊಳವೆ ಹಾಕಿ ಪಿತ್ತ ಹೊರಗೆ ಬಸಿಯುವುದು ಇದೆ. ಹಾಸಿಗೆ ಹಿಡಿದವರಿಗೆ, ಬೇರೆ ದೊಡ್ಡ ಕಾಯಿಲೆ ಇರುವವರಿಗೆ ಕಲ್ಲಿನ ಉಸಾಬರಿಯೇ ಬೇಡ ಅಂತ ಸ್ಟೆಂಟ್ ಬದಲಾಯಿಸುತ್ತಲೇ ಹೋಗುತ್ತೇವೆ. ಅವರಿಗೆ ಪದೇ ಪದೇ ಸೋಂಕು ಬರುತ್ತದೆ. ತೋಟಕ್ಕೆ ಹೋಗಿ ಬರುವ ನಿಮ್ಮ ತಂದೆಗೆ ಆ ದಾರಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಸಲ ಆದಮೇಲೆ ಎರಡು ವಾರ ಮಲದ ಬಣ್ಣದ ಮೇಲೆ ಕಣ್ಣಿಡಿ. ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಒಳಗೆ ರಕ್ತ ಹೋಗುತ್ತಿದೆ ಅಂತ. ರಕ್ತಸ್ರಾವ ಅವತ್ತೇ ಆಗಬೇಕಿಲ್ಲ, ವಾರದ ಮೇಲೂ ಆಗಬಹುದು, ಅದರಲ್ಲೂ ಕ್ಲೊಪಿಡೊಗ್ರೆಲ್ ಮತ್ತೆ ಶುರುವಾದ ಮೇಲೆ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಕಪ್ಪಾಗುತ್ತದೆ, ಅದು ಬೇರೆ.

ಪಿತ್ತಕೋಶ ತೆಗೆದರೆ ಅನ್ನ ಅರಗುವುದಿಲ್ಲ ಅನ್ನುವ ಮಾತು ಸುಳ್ಳು. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಪಿತ್ತಕೋಶ 50 ಮಿ.ಲೀ. ಹಿಡಿಯುವ ಒಂದು ಚೀಲ ಅಷ್ಟೇ. ನಾಳದಲ್ಲಿ ಸಿಕ್ಕ ಕಲ್ಲು ಹೆಚ್ಚಾಗಿ ಅಲ್ಲಿಂದಲೇ ಜಾರಿ ಬಂದಿದ್ದು. ಚೀಲದಲ್ಲಿ ಕಲ್ಲು ಉಳಿದರೆ ಇನ್ನೊಂದು ಜಾರಬಹುದು, ಚೀಲವೇ ಊದಿ ಕೀವಾಗಬಹುದು. ಗಟ್ಟಿಮುಟ್ಟಾಗಿರುವವರಿಗೆ ನಾಳ ಸ್ವಚ್ಛವಾದ ಎರಡು ವಾರದೊಳಗೆ ತೆಗೆಯುವುದು ಒಳ್ಳೆಯದು ಅಂತ ಈಗಿನ ಸಲಹೆ. 79 ಅನ್ನುವ ಸಂಖ್ಯೆ ಒಂದೇ ಅದಕ್ಕೆ ಅಡ್ಡಿಯಲ್ಲ. ಅವರು ಒಂದು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರಾ? ಎಕೋದಲ್ಲಿ ಹೃದಯ ಎಷ್ಟು ಶಕ್ತಿಯಿಂದ ಬಡಿಯುತ್ತಿದೆ? ಕಿಡ್ನಿ ಹೇಗಿದೆ? ನಾನು ನೋಡುವುದು ಇದನ್ನು. ಹೃದಯದ ಡಾಕ್ಟರು ಆಗಬಹುದು ಅಂದರೆ, ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ತೆಗೆಸುವುದು ಇನ್ನೊಮ್ಮೆ ಅರ್ಧರಾತ್ರಿ ಆ್ಯಂಬುಲೆನ್ಸ್ ಹತ್ತುವುದಕ್ಕಿಂತ ವಾಸಿ. ವಯಸ್ಸಾದವರಲ್ಲಿ ಕೆಲವೊಮ್ಮೆ ಮಧ್ಯದಲ್ಲಿ ಹೊಟ್ಟೆ ತೆರೆದೇ ಮಾಡಬೇಕಾಗುತ್ತದೆ, ಅದಕ್ಕೂ ಮನಸ್ಸು ಸಿದ್ಧ ಇರಲಿ. ಬೇಡ ಅಂದರೆ ಬಿಟ್ಟು ನೋಡಬಹುದು. ನಾಳದ ಬಾಯಿ ಕೊಯ್ದಿರುವುದರಿಂದ ಜಾರಿದ ಸಣ್ಣ ಕಲ್ಲು ಹೊರಗೆ ಹೋಗುವ ಸಾಧ್ಯತೆ ಹೆಚ್ಚಿದೆ. ಆದರೆ ಚೀಲ ಊದುವುದನ್ನು ಅದು ತಡೆಯುವುದಿಲ್ಲ. ಬಿಡುವುದಾದರೆ ಇದು ಗೊತ್ತಿದ್ದು ಬಿಡಿ, ಮತ್ತೆ ನೋವು ಬಂದ ದಿನ ಹೊರಡುವ ಹಾಗೆ ಇರಿ.

ನಾಟಿ ಔಷಧಿ ಬಗ್ಗೆ ಬೈಯುವುದಿಲ್ಲ. ನಾನೂ ಚಿಕ್ಕವನಿದ್ದಾಗ ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿದವನೇ, ಅಜ್ಜಿ ಕೈಯಿಂದ. ಕಾಮಾಲೆ ಹೋಯಿತು. ಕುಡಿಯದಿದ್ದರೂ ಹೋಗುತ್ತಿತ್ತು ಅಂತ ಆಮೇಲೆ ತಿಳಿಯಿತು, ಅದು ನೀರಿನಿಂದ ಬರುವ ವೈರಸ್ ಕಾಮಾಲೆ. ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ, ಹೆಸರು ಔಷಧಿಗೆ ಬರುತ್ತದೆ. ಕಲ್ಲಿನ ಕಾಮಾಲೆಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಕಲ್ಲು ಸ್ವಲ್ಪ ಮೇಲೆ ತೇಲಿದರೆ ಹಳದಿ ಇಳಿಯುತ್ತದೆ, ಮತ್ತೆ ಕೆಳಗೆ ಬಂದು ಕೂತರೆ ಏರುತ್ತದೆ. ಇಳಿದ ವಾರ ಔಷಧಿ ಹಿಡಿಯಿತು ಅನ್ನುತ್ತಾರೆ. ಅರವತ್ತು ದಾಟಿದವರಿಗೆ ಕಾಮಾಲೆ ಬಂದರೆ ನಾಳ ಕಟ್ಟಿದೆಯಾ ಅಂತ ಮೊದಲು ಒಂದು ಸ್ಕ್ಯಾನಿಂಗ್ ಮಾಡಿಸಿ, ಆಮೇಲೆ ಬೇಕಾದ ಪಥ್ಯ ಮಾಡಿ.

ಇನ್ನು ತುಪ್ಪ. ಜ್ವರ ಇರುವ ಈ ದಿನಗಳಲ್ಲಿ, ಎಂಡೋಸ್ಕೋಪಿಯ ಹಿಂದು ಮುಂದಿನ ದಿನಗಳಲ್ಲಿ ಗಂಜಿ, ಮೆತ್ತಗಿನ ಅನ್ನ, ಬೇಳೆ ಕಟ್ಟು ಸಾಕು. ನಾಳ ತೆರೆದು, ಹಸಿವು ಮರಳಿದ ಮೇಲೆ ಬಿಸಿ ಅನ್ನಕ್ಕೆ ಒಂದು ಚಮಚ ಧಾರಾಳವಾಗಿ ಹಾಕಿ. ಉಪ್ಪು ಅವರ ಬಿಪಿಗೆ ಎಷ್ಟು ಹೇಳಿದ್ದಾರೋ ಅಷ್ಟು ಇರಲಿ. ಅರಿಶಿನ ಹಾಕಿದ ಸಾರಿಗೂ ಕಣ್ಣಿನ ಹಳದಿಗೂ ಸಂಬಂಧ ಇಲ್ಲ. ಎರಡು ತಿಂಗಳಲ್ಲಿ ಅವರು ಎಷ್ಟು ಕೆಜಿ ಇಳಿದಿದ್ದಾರೆ ಅಂತ ಒಮ್ಮೆ ತೂಕ ನೋಡಿ. ಈ ವಯಸ್ಸಿನಲ್ಲಿ ಇಳಿದ ಮಾಂಸಖಂಡ ಸುಲಭಕ್ಕೆ ವಾಪಸ್ ಬರುವುದಿಲ್ಲ. ಕರಿದಿದ್ದನ್ನು ಒಂದಷ್ಟು ದಿನ ಬಿಡಲಿ. ಹಲಸಿನ ಹಪ್ಪಳ ಕೇಳಿದರೆ ಸುಟ್ಟು ಕೊಡಿ.